ಅಂಗೈ ಚಾಚುವ ಹೊತ್ತು

ಬಂದರಿನಲ್ಲಿ ಅವನನ್ನು ಎಲ್ಲರೂ ಸೀಟಿ ಅಂತಲೇ ಕರೆಯುತ್ತಿದ್ದರು. ಕುತ್ತಿಗೆಯಲ್ಲಿ ಸದಾ ಒಂದು ಹಿತ್ತಾಳೆ ಸೀಟಿ ನೇತಾಡುತ್ತಿದ್ದದ್ದು ನಿಜ. ಆದರೆ ಆ ಹೆಸರು ಬಂದದ್ದು ಕುಕ್ಕರಿನ ಹಾಗೆ ಕೂಗಿಕೊಳ್ಳುವ ಅವನ ಸಿಟ್ಟಿನಿಂದ ಅನ್ನುವವರೇ ಹೆಚ್ಚು. ಎದುರಿಗೆ ಬಂದವರು ಚೆನ್ನಾಗಿದ್ದೀಯಾ ಅಂತ ಕೇಳಿದರೂ ಯಾಕೆ, ಚೆನ್ನಾಗಿರಬಾರದಾ ಅಂತ ಕೇಳುವ ಜಾತಿಯ ಮನುಷ್ಯ.

ಅವನ ಕೆಲಸ ಕೈಸನ್ನೆಯದು. ಹಡಗಿನ ಒಡಲು ಆಳವಾದ ಬಾವಿಯ ಹಾಗೆ. ಕ್ರೇನಿನ ಕ್ಯಾಬಿನ್ನಿನಲ್ಲಿ ಎತ್ತರಕ್ಕೆ ಕೂತವನಿಗೆ ಆ ಬಾವಿಯ ತಳ ಕಾಣುವುದಿಲ್ಲ. ಟನ್‌ಗಟ್ಟಲೆ ತೂಗುವ ಪೆಟ್ಟಿಗೆಯನ್ನು ಅವನು ಕುರುಡಾಗಿಯೇ ಇಳಿಸಬೇಕು. ಅವನ ಕಣ್ಣಾಗಿ ಒಬ್ಬ ಒಡಲಿನ ಬಾಯಂಚಿನಲ್ಲಿ ನಿಂತು, ಒಂದು ಕಣ್ಣು ಕೆಳಗೆ, ಒಂದು ಕಣ್ಣು ಮೇಲೆ ಇಟ್ಟುಕೊಂಡು, ಬೆರಳು ತಿರುಗಿಸಿದರೆ ಇಳಿಸು, ಮುಷ್ಟಿ ಮಡಚಿದರೆ ನಿಧಾನ, ಅಂಗೈ ಚಾಚಿದರೆ ನಿಲ್ಲಿಸು ಅಂತ ಹೇಳಬೇಕು. ಕೆಳಗೆ ಪೆಟ್ಟಿಗೆ ಜೋಡಿಸುವ ಕೂಲಿಯವರ ತಲೆಗಳು ಈ ಅಂಗೈ ಚಾಚುವ ಹೊತ್ತಿನ ಮೇಲೆ ನಿಂತಿರುತ್ತವೆ. ಸೀಟಿಯ ಅಂಗೈ ಅಗಲವಾಗಿತ್ತು, ದೂರದಿಂದಲೂ ಎದ್ದು ಕಾಣುತ್ತಿತ್ತು. ಮುಖಕ್ಕಿಂತ ಕೈಯೇ ಚಂದ ಅಂತ ಅಕ್ಕ ಚುಡಾಯಿಸುತ್ತಿದ್ದಳು.

ಆ ಅಕ್ಕನ ಗಂಡನೇ ಕ್ಯಾಬಿನ್ನಿನಲ್ಲಿ ಕೂತವನು. ಸೀಟಿಯ ಭಾವ. ಇವರಿಬ್ಬರದು ಎಣ್ಣೆ-ಸೀಗೆಕಾಯಿ ಸಂಬಂಧ. ವರ್ಷಗಳಿಂದ ಒಂದು ಮಾತಿಲ್ಲ, ಕತೆಯಿಲ್ಲ.

ಜಗಳದ ಮೂಲ ಕ್ಯಾಬಿನ್ನೇ. ಹರೆಯದಲ್ಲಿ ಇಬ್ಬರೂ ಕ್ರೇನು ನಡೆಸುವುದನ್ನು ಒಟ್ಟಿಗೇ ಕಲಿತವರು. ಜಾಗ ಇದ್ದದ್ದು ಒಂದೇ. ಪರೀಕ್ಷೆಯ ದಿನ ಸೀಟಿ ಏಣಿಯ ಅರ್ಧಕ್ಕೆ ಹೋಗಿ ಕಂಬಿ ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತ. ಬೆವರು ಒರೆಸಿಕೊಂಡೆ ಅಂತ ಇವನು. ತಲೆ ಸುತ್ತಿತು ಅಂತ ಕೆಳಗೆ ನಿಂತಿದ್ದ ಭಾವ ಫೋರ್‌ಮನ್ನಿನ ಕಿವಿಯಲ್ಲಿ ಊದಿದ. ಭಾವ ಮೇಲೆ ಹೋದ, ಸೀಟಿ ಕೆಳಗೆ ಉಳಿದ. ಆವತ್ತಿನಿಂದ ಇವನಿಗೆ ಭಾವ ಅಂದರೆ ಮೈಯೆಲ್ಲ ಉರಿ. ವಿಧಿ ನೋಡಿ, ಮನೆಯಲ್ಲೂ ಅದೇ ಏರ್ಪಾಡು. ಎರಡು ಅಂತಸ್ತಿನ ಮನೆ, ಮೇಲೆ ಅಕ್ಕ-ಭಾವ, ಕೆಳಗಿನ ಒಂದೂವರೆ ಕೋಣೆಯಲ್ಲಿ ಸೀಟಿ. ಮದುವೆ ಮಾಡಿಕೊಳ್ಳಲಿಲ್ಲ. ದ್ವೇಷಕ್ಕೆ ಕೊಟ್ಟ ಹೊತ್ತಿನಲ್ಲಿ ಅರ್ಧ ಹೆಣ್ಣು ನೋಡುವುದಕ್ಕೆ ಕೊಟ್ಟಿದ್ದರೆ ಇವನಿಗೂ ಮೊಮ್ಮಕ್ಕಳಿರುತ್ತಿದ್ದರು ಅಂತ ಅಕ್ಕ ಗೊಣಗುವಳು.

ಇಬ್ಬರಿಗೂ ಊಟ ಅವಳದೇ. ಮಾತುಗಳೂ ಅವಳ ಮೂಲಕವೇ ಮೆಟ್ಟಿಲು ಇಳಿಯುತ್ತಿದ್ದವು, ಹತ್ತುತ್ತಿದ್ದವು.

"ನಿನ್ನ ತಮ್ಮನಿಗೆ ಹೇಳು, ನೀರಿನ ಮೋಟಾರು ರಾತ್ರಿಯೆಲ್ಲ ಓಡಿಸಬಾರದು ಅಂತ."

"ನಿನ್ನ ಗಂಡನಿಗೆ ಹೇಳು ಅಕ್ಕ, ಮೋಟಾರು ಆರಿಸಿದ್ದು ನಾನೇ, ಹಾಕಿದ್ದು ಯಾರು ಅಂತ ಅವರೇ ನೆನಪು ಮಾಡಿಕೊಳ್ಳಲಿ."

"ಇಬ್ಬರ ಬಾಯಿಗೂ ಬೀಗ ಹಾಕಿ ನಾನು ತೌರಿಗೆ ಹೋಗ್ತೀನಿ," ಅನ್ನುವಳು ಅಕ್ಕ. ತೌರು ಅಂದರೆ ಅವಳಿಗೆ ಉಳಿದಿದ್ದದ್ದು ಕೆಳಗಿನ ಆ ಒಂದೂವರೆ ಕೋಣೆಯೇ.

ಬಂದರಿನಲ್ಲಿ ಮಾತ್ರ ಈ ಇಬ್ಬರ ಕೆಲಸ ನೋಡಲು ಬೇರೆ ತಂಡದವರೂ ನಿಲ್ಲುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕು, ಬೇರೆ ದಾರಿಯಿಲ್ಲ. ಇವನ ಕೈ, ಅವನ ಲಿವರು. ಪೆಟ್ಟಿಗೆ ಬಂದು ಒಡಲಿನ ತಳದ ಮರದ ಹಲಗೆಗಳ ಮೇಲೆ ಕೂತರೆ ಸದ್ದೇ ಆಗುತ್ತಿರಲಿಲ್ಲ. ಅದರಲ್ಲಿ ಸೀಟಿಯ ಒಂದು ಗುಟ್ಟು ಇತ್ತು. ಭಾವನ ಕೈ ನಿಧಾನ. ಅಂಗೈ ಚಾಚಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಬ್ರೇಕು ಬೀಳುತ್ತಿತ್ತು. ಅದನ್ನು ಕಂಡುಕೊಂಡ ಸೀಟಿ ನಿಲ್ಲಿಸಬೇಕಾದ ಹೊತ್ತಿಗಿಂತ ಒಂದು ಉಸಿರು ಮುಂಚೆಯೇ ಅಂಗೈ ಚಾಚುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಭಾವನ ಕ್ಯಾಬಿನ್ ಹೋಗುತ್ತಿತ್ತು, ಅಕ್ಕನ ಮುಖ ಬಾಡುತ್ತಿತ್ತು. ಇನ್ನೊಂದು ಕಾರಣವನ್ನೂ ಹೇಳಿಬಿಡುವುದು ವಾಸಿ. ಶತ್ರುವಿನ ಜುಟ್ಟು ತನ್ನ ಕೈಯಲ್ಲಿದೆ ಅನ್ನುವ ಸುಖ ಸಣ್ಣದಲ್ಲ. ನನ್ನಿಂದ ಬದುಕಿದ್ದೀಯಾ ಮಗನೇ ಅಂತ ಅವನು ದಿನವೂ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ, ಅಂದುಕೊಂಡು ನೆಮ್ಮದಿಯಾಗಿ ಉಣ್ಣುತ್ತಿದ್ದ.

ಹೀಗಿರುವಾಗ ಬಂದರಿಗೆ ಅಳಿಯ ಬಂದ.

ಅಳಿಯ ಅಂದರೆ ಯಂತ್ರ. ಕಂಪನಿ ಇಟ್ಟ ಉದ್ದದ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಕೂಲಿಯವರು ಬಿಸಿಲಲ್ಲಿ ಬೇಯುತ್ತಿದ್ದರೆ ಇದಕ್ಕೆ ಎಸಿ ಹಾಕಿದ ತಗಡಿನ ಕೋಣೆ, ಧೂಳು ಬೀಳದ ಹಾಗೆ ಹೊದಿಕೆ, ಮುಟ್ಟುವ ಮುಂಚೆ ಕೈ ತೊಳೆಯುವ ಇಂಜಿನಿಯರು. ಮನೆಗೆ ಬಂದ ಹೊಸ ಅಳಿಯನಿಗೂ ಇಷ್ಟು ಉಪಚಾರ ನಡೆಯುವುದಿಲ್ಲ ಅಂತ ಯಾರೋ ಅಂದರು, ಹೆಸರು ಅಂಟಿಕೊಂಡಿತು.

ಮೊದಲು ಅದು ಕಚೇರಿಯಲ್ಲಿತ್ತು. ಏನು ಕೇಳಿದರೂ ಹೇಳುತ್ತಿತ್ತು. ಹಡಗಿನ ಕಾನೂನು ಕೇಳಿ, ಫೋರ್‌ಮನ್ನಿನ ಬೆನ್ನು ನೋವಿಗೆ ಮದ್ದು ಕೇಳಿ, ಬೀಗರ ಮಗಳ ಮದುವೆಗೆ ಹೋಗಲಾಗದ್ದಕ್ಕೆ ಅವರಿಗೆ ಬರೆಯಬೇಕಾದ ಕ್ಷಮಾಪಣೆ ಕೇಳಿ. ಒಂದು ಕೆಲಸಕ್ಕೆ ಮಾತ್ರ ಮಾಡಿದ ಯಂತ್ರ ಅಲ್ಲ ಇದು, ಮನುಷ್ಯನ ಹಾಗೆ ಎಲ್ಲಕ್ಕೂ ತಲೆ ಓಡಿಸುತ್ತದೆ ಅಂತ ಮ್ಯಾನೇಜರು ಎದೆಯುಬ್ಬಿಸಿ ಹೇಳಿಕೊಂಡರು. ಹಾಗಾದರೆ ಕ್ರೇನಿಗೂ ತಲೆ ಓಡಿಸಲಿ ಅಂತ ಮಾಲೀಕರು ಅಂದರಂತೆ. ಕ್ರೇನಿನ ತುದಿಗೆ ಕ್ಯಾಮೆರಾ ಕಟ್ಟಿದರು.

ಮೊದಲ ದಿನಗಳು ಸೀಟಿಗೆ ಹಬ್ಬ. ಕ್ಯಾಮೆರಾ ಕಂಡದ್ದು ಎಲ್ಲೋ ದೂರದ ಊರಿಗೆ ಹೋಗಿ, ಅಲ್ಲಿ ಯೋಚನೆಯಾಗಿ, ಉತ್ತರ ವಾಪಸು ಬರಬೇಕಿತ್ತು. ಗಾಳಿ ಬೀಸಿ ಒಂದು ಪೆಟ್ಟಿಗೆ ಎಡಕ್ಕೆ ತೂಗಿ ಹಡಗಿನ ಕಂಬಿಗೆ ಧಡ್ ಅಂತ ಬಡಿಯಿತು. ಬಡಿದು, ಅದರ ಪಾಡಿಗೆ ಅದು ನಿಂತ ಮೇಲೆ ಅಳಿಯನ ದನಿ ಬಂತು. "ಗಾಳಿಯಿದೆ. ಪೆಟ್ಟಿಗೆ ಎಡಕ್ಕೆ ತೂಗಬಹುದು. ಕಂಬಿಗೆ ಬಡಿಯುವ ಸಂಭವವಿದೆ."

ಕೂಲಿಯವರು ಬಿದ್ದು ಬಿದ್ದು ನಕ್ಕರು. ಸೀಟಿ ಕಣ್ಣೊರೆಸಿಕೊಂಡು ಇಂಜಿನಿಯರ ಹತ್ತಿರ ಹೋದ. ಅವಳು ಇನ್ನೂ ಚಿಕ್ಕ ವಯಸ್ಸಿನವಳು, ಯಾವಾಗಲೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ಇರುವವಳು.

"ಏನಮ್ಮಾ, ನಿಮ್ಮ ಅಳಿಯ ತಿಥಿಯ ದಿನ ಔಷಧಿ ತರ್ತಾನಲ್ಲ."

ಅವಳಿಗೆ ಕೋಪ ಬರಲಿಲ್ಲ. "ನೀವು ಹೇಳೋದು ಸರಿ. ಇದಕ್ಕೆ ಗೊತ್ತಿರೋದೇನೂ ಕಡಿಮೆ ಇಲ್ಲ. ಆದ್ರೆ ಇದು ಯೋಚನೆ ಮುಗಿಸೋವರೆಗೂ ಪೆಟ್ಟಿಗೆ ಗಾಳಿಯಲ್ಲಿ ನಿಂತಿರಲ್ಲ. ನೋಡೋದು, ಯೋಚಿಸೋದು, ಹೇಳೋದು ಮೂರೂ, ಕೆಲಸ ನಡೀತಾ ಇರುವಾಗಲೇ ಆಗ್ಬೇಕು. ಅದು ಆಗದಿದ್ರೆ ಮನುಷ್ಯನ ಥರದ ಬುದ್ಧಿ ಅಂತ ಹೇಳ್ಕೊಳ್ಳೋಕೆ ನಮಗೆ ಮುಖ ಇಲ್ಲ."

"ನಮ್ಮ ಭಾವನಿಗೂ ಅದು ಆಗಲ್ಲ. ಅವರನ್ನ ಮನುಷ್ಯ ಅಂತಲೇ ಕರೀತಾರೆ," ಅಂದ ಸೀಟಿ. ಅವಳು ಅದನ್ನು ಬರೀ ಜೋಕು ಅಂದುಕೊಂಡಳು.

ಮಳೆಗಾಲ ಕಳೆಯುವಷ್ಟರಲ್ಲಿ ನಗು ನಿಂತಿತು. ಯೋಚನೆಗೆ ದೂರದ ಊರಿಗೆ ಹೋಗುವುದು ಬೇಡ ಅಂತ, ಯೋಚಿಸುವ ಪೆಟ್ಟಿಗೆಯನ್ನೇ ಕ್ರೇನಿನ ಬುಡಕ್ಕೆ ತಂದು ತಗಡಿನ ಕೋಣೆಯಲ್ಲಿ ಕೂರಿಸಿದರು. ಇಡೀ ಊರಿನ ವಿಷಯ ತಲೆಯಲ್ಲಿಟ್ಟುಕೊಂಡೂ ಎದುರಿನ ಪೆಟ್ಟಿಗೆಯ ಮೇಲೆ ಮಾತ್ರ ಗಮನ ಇಡುವುದನ್ನು ಅದಕ್ಕೆ ಕಲಿಸಿದರು. ಅಳಿಯ ಚುರುಕಾದ. ಗಾಳಿ ಏಳುವ ಮುಂಚೆ ಗಾಳಿ ಅನ್ನುತ್ತಿದ್ದ. ಕೊಕ್ಕೆಗೆ ಹಗ್ಗ ಸರಿಯಾಗಿ ಕೂತಿಲ್ಲ ಅಂತ ಹಗ್ಗ ಬಿಗಿಯುವ ಹೊತ್ತಿಗೇ ಹೇಳುತ್ತಿದ್ದ. ಒಂದು ಸಲವೂ ಸುಳ್ಳಾಗಲಿಲ್ಲ. ಒಬ್ಬ ಶತ್ರುವಿನ ಜೊತೆ ಬಾಳುವುದೇ ಒಂದು ಪೂರ್ತಿ ಕೆಲಸ, ಈಗ ಸೀಟಿಗೆ ಎರಡಾದವು.

ಆಮೇಲೆ ಮ್ಯಾನೇಜರು ತಂಡವನ್ನು ಕರೆದು ಸಿಹಿಮಾತಿನಲ್ಲೇ ವಿಷಯ ಹೇಳಿದರು. ಅಳಿಯ ಕ್ರೇನಿನ ಜೊತೆ ಇರುತ್ತಾನೆ. ಅವನ ಜೊತೆಗೆ ಮನುಷ್ಯರು ಇಬ್ಬರು ಬೇಡ, ಒಬ್ಬರು ಸಾಕು. ಮೇಲಿನವರೋ ಕೆಳಗಿನವರೋ, ಯಾರ ಕೆಲಸ ಸರಿಯಾಗಿದೆಯೋ ನೋಡಿ ತೀರ್ಮಾನ. ಹೋಗುವವರಿಗೆ ಗೇಟಿನ ಬಳಿ ಲಾರಿ ಒಳಗೆ ಬಿಡುವ ಕೆಲಸ.

ಸೀಟಿ ತಲೆಯೆತ್ತಿ ಭಾವನನ್ನು ನೋಡಿದ. ಭಾವ ಗೋಡೆ ನೋಡುತ್ತಿದ್ದ. ಆ ಗಳಿಗೆಯಲ್ಲೇ ಸೀಟಿ ನಿಶ್ಚಯ ಮಾಡಿಕೊಂಡ. ಗೇಟಿಗೆ ಹೋಗುವವನು ಇವನು, ನಾನಲ್ಲ. ಇಷ್ಟು ವರ್ಷ ಕಾಪಾಡಿದ್ದು ಸಾಕು.

ಒಂದು ವಾರ ಕಳೆದು ಇಂಜಿನಿಯರು ಅವನನ್ನು ತಗಡಿನ ಕೋಣೆಗೆ ಕರೆದಳು. ಒಳಗೆ ಹಾಯೆನಿಸುವ ತಂಪು. ಅಂಥಾ ತಂಪು ಅದಕ್ಕೆ ಸಿಕ್ಕಿತಲ್ಲ ಅಂತ ಅವನಿಗೆ ಅದೂ ಒಂದು ಉರಿ. ಗೋಡೆಯ ಪರದೆಯ ಮೇಲೆ ಅವನದೇ ಕೈ ಓಡುತ್ತಿತ್ತು. ಅಳಿಯ ಪ್ರತಿ ಪೆಟ್ಟಿಗೆಗೂ ಒಂದೇ ರಾಗದಲ್ಲಿ ಹೇಳುತ್ತಿದ್ದ. "ಸನ್ನೆ ಮುಂಚೆ. ಬ್ರೇಕ್ ತಡ. ಪೆಟ್ಟಿಗೆ ಸರಿಯಾದ ಜಾಗದಲ್ಲಿ ನಿಂತಿದೆ."

"ಬೇಜಾರು ಮಾಡ್ಕೋಬೇಡಿ," ಅಂದಳು ಅವಳು. "ನೀವು ಬೇಕಾದ್ದಕ್ಕಿಂತ ಬೇಗ ನಿಲ್ಲಿಸು ಅಂತೀರಿ. ಪ್ರತಿ ಸಲವೂ. ಯಾಕೆ?"

ಇಷ್ಟು ವರ್ಷ ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡಿದ್ದ ಮಾತು. ಉಗುಳಿಬಿಟ್ಟ.

"ಅವರ ಕೈ ನಿಧಾನ. ಮೊದಲಿಂದಲೂ. ನಾನು ಮುಂಚೆ ಹೇಳದಿದ್ರೆ ಕೆಳಗಿನವರು ಇಷ್ಟು ಹೊತ್ತಿಗೆ ಫೋಟೋದಲ್ಲಿ ಇರ್ತಿದ್ರು. ಅವರ ಹೊಟ್ಟೆಗೆ ಅನ್ನ ಹಾಕ್ತಿರೋದು ಈ ಕೈ."

"ಯಾರಿಗೂ ಹೇಳಿಲ್ವಾ?"

"ಯಾಕೆ ಹೇಳಲಿ? ಅಕ್ಕನ ಗಂಡ."

ಅವಳು ಅಳಿಯನ ಪರದೆಯ ಕಡೆ ಕೈ ತೋರಿಸಿದಳು. "ಇದು ಈ ಗಳಿಗೆಯ ತಡವನ್ನ ಮಾತ್ರ ಅಳೀತಾ ಇದೆ, ಯಾರಿಂದ ಅಂತ ನಾನು ಕೇಳಿರಲಿಲ್ಲ. ನಾಳೆ ಒಂದೆರಡು ಪೆಟ್ಟಿಗೆಗೆ ನೀವು ಸರಿಯಾದ ಹೊತ್ತಿಗೇ ಸನ್ನೆ ಕೊಡಿ. ಕೆಳಗೆ ಯಾರೂ ಇರಬಾರದು. ಅವರ ಕೈ ಎಷ್ಟು ತಡ ಅನ್ನೋದು ತಾನೇ ಗೊತ್ತಾಗುತ್ತೆ."

"ಅವರಿಗೆ ಹೇಳ್ತೀರಾ?"

"ಹೇಳಿದ್ರೆ ಅಳತೆ ಸರಿ ಬರಲ್ಲ."

ಸೀಟಿ ಮನೆಗೆ ಬಂದು ಎಂದಿಗಿಂತ ಹೆಚ್ಚು ಉಂಡ. ಊಟದ ಡಬ್ಬಿ ತೊಳೆಯಲು ಬಂದ ಅಕ್ಕ ಅವನ ಮುಖ ನೋಡಿ, "ಏನೋ, ಲಾಟರಿ ಹೊಡೀತಾ?" ಅಂದಳು. ಅವನು ಅವಳ ಮುಖ ನೋಡಲಿಲ್ಲ.

ಮರುದಿನ ಇಳಿಸಬೇಕಿದ್ದದ್ದು ಯಾವುದೋ ಕಾರ್ಖಾನೆಯ ಯಂತ್ರದ ಭಾಗಗಳ ಪೆಟ್ಟಿಗೆಗಳು. ಸೀಟಿ ಕೆಳಗಿನವರನ್ನು ಸೀಟಿ ಊದಿ ಒಡಲಿನ ಮೂಲೆಗೆ ಅಟ್ಟಿದ. ಅದರಲ್ಲಿ ಅವನ ತಪ್ಪಿಲ್ಲ, ಎಲ್ಲರೂ ಮೂಲೆಗೆ ಹೋದದ್ದನ್ನು ನೋಡಿಯೇ ಬೆರಳು ತಿರುಗಿಸಿದ. ಪೆಟ್ಟಿಗೆ ಇಳಿಯತೊಡಗಿತು. ಮುಂಚೆ ಅಂಗೈ ಚಾಚುವ ಹೊತ್ತು ಬಂತು. ಕೈ ತಾನೇ ತಾನಾಗಿ ಏಳುವುದಕ್ಕೆ ಹೋಯಿತು, ಅದನ್ನು ಹಿಡಿದು ನಿಲ್ಲಿಸಲು ಅವನಿಗೆ ಮೈಯೆಲ್ಲ ಬಿಗಿ ಹಿಡಿಯಬೇಕಾಯಿತು. ಹೊತ್ತು ಹೋಯಿತು. ಸರಿಯಾದ ಗಳಿಗೆ ಬಂದ ಮೇಲೆ ಅಂಗೈ ಚಾಚಿದ. ಚಾಚುವಾಗ ಅವನ ಎರಡು ಕಣ್ಣೂ ಮೇಲಿದ್ದವು. ಒಂದು ಕಣ್ಣು ಕೆಳಗಿರಬೇಕು ಅನ್ನುವುದು ಅವನ ಕೆಲಸದ ಮೊದಲ ಪಾಠ. ಆದರೆ ಭಾವನ ಮುಖ ಬೆಪ್ಪಾಗುವುದನ್ನು ನೋಡುವ ಆಸೆ. ಆ ಆಸೆಯನ್ನು ಅವನು ತಡೆಯಲಿಲ್ಲ.

ಕೆಳಗೆ ಮೂಲೆಯಿಂದ ಒಬ್ಬ ಹೊರಗೆ ಬಂದಿದ್ದ. ಕೂಲಿ ತಂಡದ ಕುಳ್ಳ, ಹಲಗೆಯ ಮೇಲೆ ಮರೆತ ನೀರಿನ ಬಾಟಲಿ ತೆಗೆದುಕೊಳ್ಳಲು. ಅಳಿಯ ಅದನ್ನು ಕಂಡ ಗಳಿಗೆಯಲ್ಲೇ ತಗಡಿನ ಕೋಣೆಯೊಳಗೆ, "ಕೆಳಗೆ ಮನುಷ್ಯ ಇದ್ದಾನೆ. ನಿಲ್ಲಿಸಿ," ಅಂದ. ಇವತ್ತು ಅಳೆಯಲು ಮಾತ್ರ ಕೂರಿಸಿದ್ದರಿಂದ ಅವನ ದನಿ ಕ್ಯಾಬಿನ್ನಿಗೆ ಹೋಗುವ ಹಾಗಿರಲಿಲ್ಲ. ಕೇಳಿದ್ದು ಇಂಜಿನಿಯರಿಗೆ ಮಾತ್ರ. ಅವಳು ಕುರ್ಚಿ ಬಿಟ್ಟು, ಬಾಗಿಲು ತೆಗೆದು, ಕೂಗಲು ಬಾಯಿ ತೆರೆಯುವಷ್ಟರಲ್ಲಿ ಪೆಟ್ಟಿಗೆ ನೆಲಕ್ಕೆ ಅಪ್ಪಳಿಸಿಯಾಗಿತ್ತು.

ಪೆಟ್ಟಿಗೆ ಅರ್ಧ ಹಲಗೆಗಳ ಮೇಲೆ, ಅರ್ಧ ಹೊರಗೆ ಬಿದ್ದು ಮಗ್ಗುಲಾಯಿತು. ಒಂದು ಹಲಗೆ ಚಿಮ್ಮಿ ಹಾರಿ ಕುಳ್ಳನ ಮೊಣಕಾಲಿನ ಕೆಳಗೆ ಬಡಿಯಿತು. ಮೂಳೆ ಮುರಿದ ಸದ್ದು ಮೇಲೆ ನಿಂತ ಸೀಟಿಗೂ ಕೇಳಿಸಿತು.

ಕುಳ್ಳನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಭಾವ ಏಣಿ ಇಳಿದು ಬಂದ. ಸೀದಾ ಸೀಟಿಯ ಎದುರಿಗೆ ಬಂದು ನಿಂತ. ಸುತ್ತ ನಿಂತವರು ದಾರಿ ಬಿಟ್ಟರು. ಇವರಿಬ್ಬರು ಎದುರುಬದುರು ನಿಂತದ್ದನ್ನೇ ಅವರು ಕಂಡಿರಲಿಲ್ಲ.

"ಯಾಕೋ ಇವತ್ತು ತಡ ಮಾಡಿದೆ?"

ಎಷ್ಟೋ ವರ್ಷದ ಮೊದಲ ಮಾತು. ಸೀಟಿ ಮೊಂಡುತನ ಬಿಡಲಿಲ್ಲ.

"ತಡ ಮಾಡಿದ್ದು ನಾನಲ್ಲ. ಸರಿಯಾದ ಹೊತ್ತಿಗೇ ಕೊಟ್ಟೆ. ನಿಮ್ಮ ಕೈ ನಿಧಾನ. ಇಷ್ಟು ದಿನ ನಾನು ಮುಂಚೆ ಕೊಟ್ಟು ಮುಚ್ಚಿಡ್ತಿದ್ದೆ."

ಭಾವ ಅವನನ್ನೇ ನೋಡಿದ. "ನನ್ನ ಕೈ ನಿಧಾನ ಅಂತ ಯಾರೋ ಹೇಳಿದ್ದು? ನೀನು ಅವಸರಗೇಡಿ. ಮೊದಲಿಂದಲೂ ಹೊತ್ತಿಗೆ ಮುಂಚೆ ಕೈ ಚಾಚ್ತೀಯ, ಹೆದರುಪುಕ್ಕಲ. ಪೆಟ್ಟಿಗೆ ಗಾಳಿಯಲ್ಲೇ ನಿಂತುಬಿಡ್ತಿತ್ತು. ಅದಕ್ಕೇ ನಿನ್ನ ಕೈ ಕಂಡ ಮೇಲೆ ಒಂದು ಉಸಿರು ತಗೊಂಡು ಬ್ರೇಕ್ ಹಾಕ್ತೀನಿ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಿನ್ನ ಮೇಲಿನ ಪ್ರೀತಿಗಲ್ಲ, ಮನೇಲಿ ಅವಳ ಕಣ್ಣೀರು ನೋಡೋಕಾಗಲ್ಲ ಅಂತ."

ಇಂಜಿನಿಯರು ಇಬ್ಬರನ್ನೂ ತಗಡಿನ ಕೋಣೆಗೆ ಕರೆದುಕೊಂಡು ಹೋದಳು. ಅಳಿಯನನ್ನು ಮೊದಲೇ ಕೇಳಬೇಕಿದ್ದದ್ದನ್ನು ಈಗ ಕೇಳಿದಳು. ಸೀಟಿ ಜ್ವರ ಬಂದು ಮಲಗಿದ್ದಾಗ ಬೇರೆಯವನ ಸನ್ನೆಗೆ ಭಾವನ ಕೈ ಹೇಗಿತ್ತು? ಭಾವ ರಜೆ ಹಾಕಿದ್ದಾಗ ಬೇರೆ ಆಪರೇಟರಿಗೆ ಸೀಟಿಯ ಸನ್ನೆ ಹೇಗಿತ್ತು? ಪರದೆಯ ಮೇಲೆ ಕೈಗಳು, ಲಿವರುಗಳು ಓಡಿದವು. ಅಳಿಯ ಹೇಳುತ್ತಾ ಹೋದ. ಸನ್ನೆ ಸರಿ. ಬ್ರೇಕ್ ಸರಿ. ಸನ್ನೆ ಸರಿ. ಬ್ರೇಕ್ ಸರಿ.

"ಇಬ್ಬರೂ ಸರಿಯಾಗೇ ಇದ್ದೀರಿ," ಅಂದಳು ಅವಳು. "ಜೊತೆಗಿದ್ದಾಗ ಮಾತ್ರ ಹೀಗೆ. ಎದುರಿನವರ ತಪ್ಪು ಅಂದುಕೊಂಡದ್ದಕ್ಕೆ ಜಾಗ ಬಿಟ್ಟು ಬಿಟ್ಟು, ಆ ಜಾಗವೇ ತಪ್ಪಾಗಿದೆ. ಒಂದು ಸಲ ಬಾಯಿಬಿಟ್ಟು ಕೇಳಿದ್ರೆ ಹೋಗ್ತಿತ್ತು."

ಒಂದು ಸಲ ಬಾಯಿ ಬಿಡುವುದು. ಬೇರೆ ಯಾವ ಇಬ್ಬರೂ ಇಂಥ ತಪ್ಪನ್ನು ಅರ್ಧ ದಿನ ಕೂಡ ಉಳಿಸಿಕೊಳ್ಳುತ್ತಿರಲಿಲ್ಲ. ಚಹಾ ಕುಡಿಯುವಾಗ ಬಯ್ದಾಡಿಕೊಂಡು ಸರಿ ಮಾಡಿಕೊಳ್ಳುತ್ತಿದ್ದರು. ಈ ಇಬ್ಬರು ಮಹಾಪುರುಷರು ಅದನ್ನು ಮುದ್ದಾಗಿ ಸಾಕಿ, ಒಬ್ಬೊಬ್ಬರೂ ತಾನೇ ಇನ್ನೊಬ್ಬನ ಜೀವ ಉಳಿಸುತ್ತಿರುವವನು ಅಂತ ಬೀಗುತ್ತಾ ಅರ್ಧ ಆಯುಷ್ಯ ಕಳೆದಿದ್ದರು. ಸೀಟಿಗೆ ಕೋಪವೂ ಅವಮಾನವೂ ಒಟ್ಟಿಗೆ ನುಗ್ಗಿ ಬಂದು ಎಲ್ಲಿ ನಿಲ್ಲಬೇಕು ಅಂತ ತಿಳಿಯದೇ ಹೋಯಿತು. ಅವನು ಯಂತ್ರದ ಕಡೆಗೇ ತಿರುಗಿದ.

"ಏಯ್, ಎಲ್ಲ ಗೊತ್ತಲ್ಲ ನಿನಗೆ. ಹೇಳು, ಶುರು ಮಾಡಿದ್ದು ಯಾರು? ನಾನು ಮುಂಚೆ ಕೊಟ್ಟಿದ್ದಕ್ಕೆ ಅವರು ತಡ ಮಾಡಿದ್ರಾ, ಅವರು ತಡ ಮಾಡಿದ್ದಕ್ಕೆ ನಾನು ಮುಂಚೆ ಕೊಟ್ಟೆನಾ?"

"ಅದು ನಡೆದಾಗ ನಾನು ನೋಡುತ್ತಿರಲಿಲ್ಲ," ಅಂದ ಅಳಿಯ. ಒಂದು ಚೂರೂ ತಡ ಮಾಡದೆ ಅಂದ.

ಸಂಜೆ ಮ್ಯಾನೇಜರು ಬಂದರು. ಅವರಿಗೆ ಹಳೆಯ ಕತೆ ಬೇಕಿರಲಿಲ್ಲ. ಕಾನೂನಿನ ಪ್ರಕಾರ ಕ್ಯಾಬಿನ್ನಿನಲ್ಲಿ ಮನುಷ್ಯ ಇರಲೇಬೇಕು ಅಂತ ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಕೆಳಗಿನ ಕಣ್ಣು ಮನುಷ್ಯನದೂ ಆಗಬಹುದು, ಅಳಿಯನದೂ ಆಗಬಹುದು. ಅವರು ಭಾವನನ್ನೇ ಕೇಳಿದರು.

"ನಿಮ್ಮ ತಪ್ಪಿಲ್ಲ ಅಂತ ಗೊತ್ತಾಯ್ತು. ಇವರದೂ ಕೆಟ್ಟ ಕೈಯಲ್ಲ. ಇಬ್ಬರೂ ಮಾತಾಡಿಕೊಂಡು ಸರಿ ಮಾಡ್ಕೊಳ್ತೀವಿ ಅಂದ್ರೆ ನಾನು ಅಡ್ಡ ಬರಲ್ಲ. ಇವರು ಬೇಕಾ, ಯಂತ್ರ ಬೇಕಾ, ನೀವೇ ಹೇಳಿ."

ಭಾವ ಬೇಡ ಅನ್ನುವುದಿಲ್ಲ ಅಂತ ಸೀಟಿಗೆ ಯಾಕೋ ನಂಬಿಕೆಯಿತ್ತು. ಬಯ್ಯುತ್ತಾನೆ, ಹಂಗಿಸುತ್ತಾನೆ, ಅಕ್ಕನ ಹೆಸರು ಹೇಳಿಕೊಂಡಾದರೂ ಉಳಿಸಿಕೊಳ್ಳುತ್ತಾನೆ. ಮೇಲೆ ಕೂತು ಕಣ್ಣಿಲ್ಲದೆ ಇಳಿಸುವವನು ಇಷ್ಟು ವರ್ಷ ಈ ಒಂದು ಅಂಗೈಯನ್ನೇ ನಂಬಿದವನು ತಾನೇ.

ಭಾವ ಮ್ಯಾನೇಜರಿಗೆ ಉತ್ತರ ಹೇಳುವ ಮುಂಚೆ ಸೀಟಿಯನ್ನು ಕೇಳಿದ.

"ನನ್ನ ಕೈ ನಿಧಾನ ಅಂತ ನಂಬಿದ್ದೆ ತಾನೆ ನೀನು?"

"ಹೌದು."

"ನಿಧಾನದ ಕೈಗೆ ಇವತ್ತು ಬೇಕಂತಲೇ ತಡವಾಗಿ ಸನ್ನೆ ಕೊಟ್ಟೆ. ಪೆಟ್ಟಿಗೆ ಬೀಳುತ್ತೆ ಅಂತ ಗೊತ್ತಿದ್ದೇ ಕೊಟ್ಟೆ."

"ಎಲ್ಲರನ್ನೂ ಮೂಲೆಗೆ ಕಳಿಸಿದ್ದೆ."

"ಆಮೇಲೆ ಕೆಳಗೆ ನೋಡಿದ್ಯಾ?"

ಸೀಟಿ ತನ್ನ ಅಂಗೈ ನೋಡಿಕೊಂಡ.

"ನಾನು ನೋಡಿದೆ ನಿನ್ನ ಮುಖಾನ. ನೀನು ನನ್ನನ್ನೇ ನೋಡ್ತಾ ಇದ್ದೆ," ಅಂದ ಭಾವ. ಆಮೇಲೆ ಮ್ಯಾನೇಜರ ಕಡೆ ತಿರುಗಿ ಕಡ್ಡಿ ಮುರಿದ ಹಾಗೆ ಹೇಳಿದ. "ಯಂತ್ರ ಕೊಡಿ ಸರ್. ಅದಕ್ಕೆ ನಾನು ಯಾರೋ ಗೊತ್ತಿಲ್ಲ. ಅಷ್ಟು ಸಾಕು."

ಸೀಟಿಯನ್ನು ಗೇಟಿಗೆ ಹಾಕಿದರು. ಅಲ್ಲಿ ಕೈಯ ಕೆಲಸವೇ ಇಲ್ಲ. ಗುಂಡಿ ಒತ್ತಿದರೆ ಕಂಬಿ ಏಳುತ್ತದೆ, ಬಿಟ್ಟರೆ ಬೀಳುತ್ತದೆ. ಲಾರಿಯವರು ಸುಮ್ಮನೆ ಹಾರ್ನ್ ಬಾರಿಸಿದರೆ ಅವರ ತಾಯಿ ತಂದೆಯನ್ನೆಲ್ಲ ನೆನೆಯುತ್ತಿದ್ದ. ದೂರದಲ್ಲಿ ಕ್ರೇನು ಕಾಣುತ್ತಿತ್ತು. ಪೆಟ್ಟಿಗೆಗಳು ಇಳಿದು ಒಡಲಿನೊಳಗೆ ಮರೆಯಾಗುತ್ತಿದ್ದವು. ಸದ್ದಿಲ್ಲ, ತಡವಿಲ್ಲ. ಏನಾದರೂ ಎಡವಟ್ಟಾಗಲಿ ಅಂತ ಅವನು ಬೇಡಿಕೊಂಡ ದಿನಗಳಿವೆ, ಬೇಡಿಕೊಂಡು ಕುಳ್ಳನ ಕಾಲು ನೆನಪಾಗಿ ನಾಚಿಕೆಪಟ್ಟ ದಿನಗಳೂ ಇವೆ. ಕುಳ್ಳನ ಮನೆಗೆ ಎರಡು ಸಲ ಹೋದ. ಅವನು ಕೂರಿಸಿ ಮಾತಾಡಿಸಿದ, ಚಹಾ ಕೊಡಿಸಿದ, ಕಾಲಿನ ವಿಷಯ ಮಾತ್ರ ಎತ್ತಲಿಲ್ಲ. ಬಯ್ದಿದ್ದರೆ ಸೀಟಿಗೆ ಹಗುರವಾಗುತ್ತಿತ್ತು.

ಅಕ್ಕ ಎಲ್ಲವನ್ನೂ ಗಂಡನ ಬಾಯಿಂದ ಕೇಳಿದಳು. ತಮ್ಮನ ಹತ್ತಿರ ಏನೂ ಕೇಳಲಿಲ್ಲ. ಡಬ್ಬಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಚುಡಾಯಿಸುವುದು ನಿಂತುಹೋಗಿತ್ತು.

ಒಂದು ಸಂಜೆ ಸೀಟಿ ಬಾಗಿಲಲ್ಲಿ ಕೂತಿದ್ದ. ಭಾವ ಕೆಲಸದಿಂದ ಬಂದು ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟ. ಮೇಲೆ ಹೋಗುವವನು ನಿಂತು ಇವನ ಕಡೆ ತಿರುಗಿದ.

"ಟ್ಯಾಂಕಲ್ಲಿ ನೀರಿಲ್ವಂತೆ. ಮೋಟಾರ್ ಹಾಕ್ಲಾ? ನಿಮಗೇನೂ ತೊಂದರೆ ಇಲ್ಲ ತಾನೆ?"

ದನಿಯಲ್ಲಿ ಕೋಪವಿರಲಿಲ್ಲ. ಹಂಗಿಸುವುದೂ ಇರಲಿಲ್ಲ, ಚುಚ್ಚುವುದೂ ಇರಲಿಲ್ಲ. ಬಾಡಿಗೆಗೆ ಬಂದ ಹೊಸಬರ ಹತ್ತಿರ ಮಾತಾಡುವಾಗ ಇರುವಷ್ಟು ಮರ್ಯಾದೆ ಇತ್ತು. ಅಕ್ಕನಿಗೆ ಹೇಳು, ತಮ್ಮನಿಗೆ ಹೇಳು ಅನ್ನುವ ಗೋಜೇ ಬೇಡವಾಗಿತ್ತು ಅವನಿಗೆ. ಸೀಟಿ ಅವನ ಮುಖದಲ್ಲಿ ಹಳೆಯ ದ್ವೇಷದ ಒಂದು ಎಳೆಯಾದರೂ ಇದೆಯಾ ಅಂತ ಹುಡುಕಿದ. ಏನಾದರೂ ಕೆಟ್ಟದಾಗಿ ಅಂದು ಅದನ್ನು ಎಬ್ಬಿಸಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಹತ್ತು ಮಾತು ಬಂದವು.

ಭಾವ ಕಾಯುತ್ತಾ ನಿಂತಿದ್ದ, ಉತ್ತರ ಏನಾದರೂ ಪರವಾಗಿಲ್ಲ ಅನ್ನುವ ಹಾಗೆ.

"ಹಾಕಿ," ಅಂದ ಸೀಟಿ.

ಭಾವ ಸ್ವಿಚ್ಚು ಒತ್ತಿ, ಥ್ಯಾಂಕ್ಸ್ ಅಂತ ಹೇಳಿ, ಮೇಲೆ ಹೋದ.